ಸಲೈನಿಗೆ ನೊರೆ ಎದ್ದ ದಿನ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ತಿಕೋಟಾದಿಂದ ಫೋನ್ ಬಂತು. ನಮ್ಮ ಚಿಕಿತ್ಸಾಲಯದ ಫೋನು ಗೋಡೆ ಗಡಿಯಾರದ ಕೆಳಗೇ ಇರುವುದರಿಂದ, ಎತ್ತಿಕೊಳ್ಳುವಾಗ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಗುತ್ತದೆ. ಆ ಗಳಿಗೆ ಹಾಗೆಯೇ ನೆನಪಿನಲ್ಲಿ ಕೂತುಬಿಟ್ಟಿದೆ. ಮಾತಾಡಿದವಳು ಸವಿತಾ. ಆಕೆಯ ಗಂಡ ಸಂಗಮೇಶ ಮೂರು ತಿಂಗಳ ಹಿಂದೆ ನಮ್ಮಲ್ಲಿ ತಲೆಗೆ ಕೂದಲು ಕಸಿ ಮಾಡಿಸಿಕೊಂಡು ಹೋಗಿದ್ದ.

"ಅಕ್ಕಾರ, ಇವ್ರ ಕಣ್ಣ ತೆರೀವಲ್ಲವು" ಎಂದಳು.

"ಎಚ್ಚರ ಅದಾರೋ ಇಲ್ಲೋ?"

"ಎಚ್ಚರ ಅದಾರ್ರಿ, ಮಾತಾಡ್ತಾರ. ರೆಪ್ಪಿ ಬಾತು ಮುಚ್ಚಿಬಿಟ್ಟಾವ. ಹಣಿ ನೋಡಿದ್ರ ನಾದಿದ ಹಿಟ್ಟಿನಂಗ ಆಗೇತಿ. ಬೆರಳ ಒತ್ತಿದ್ರ ಕುಣಿ ಬೀಳತೈತಿ."

"ಜ್ವರ?"

"ಮೈ ಹಂಚಾಗೇತ್ರಿ."

"ಈಗಿಂದೀಗ ಕರಕೊಂಡ ಬರ್ರಿ. ಬೈಕಿನ ಮ್ಯಾಲೆ ಬ್ಯಾಡ, ಯಾವುದರ ಗಾಡಿ ಮಾಡ್ಕೊಳ್ರಿ."

"ಟೋಪಿ ತಗೀರಿ ಅಂದ್ರ ಒಲ್ಲೆ ಅನ್ನಾಕತ್ತಾರ್ರಿ."

"ಇರ್ಲಿ ಬಿಡವಾ. ಟೋಪಿ ಹಾಕ್ಕೊಂಡ ಬರ್ಲಿ."

ಫೋನ್ ಇಟ್ಟ ಮೇಲೆ ನಾನು ಮಾಡಿದ ಕೆಲಸಗಳು ಸಾಮಾನ್ಯವಾದವು. ಮೇಡಂಗೆ ತಿಳಿಸಿದೆ, ಡ್ರೆಸ್ಸಿಂಗ್ ಕೋಣೆಯ ಮೇಜು ಒರೆಸಿದೆ, ಸಲೈನ್ ಬಾಟಲಿಗಳನ್ನು ಕೆಳಗಿಳಿಸಿದೆ.

ನನ್ನ ಹೆಸರು ನಸೀಮಾ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಬಹಳ ವರ್ಷ ಸರಕಾರಿ ಆಸ್ಪತ್ರೆಗಳಲ್ಲಿದ್ದೆ. ಕೊನೆಯ ವರ್ಷಗಳನ್ನು ವಿಜಯಪುರದ ಜಲನಗರದಲ್ಲಿ ಚರ್ಮ ಮತ್ತು ಕೂದಲಿನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಕಳೆದೆ. ಯಾವಾಗ ಬಡ್ತಿ ಬಂತು, ಯಾರು ಸನ್ಮಾನ ಮಾಡಿದರು ಎಂಬುದೆಲ್ಲ ಓದುವವರಿಗೆ ಬೇಡ. ಕೂದಲಿನ ಚಿಕಿತ್ಸೆಯ ಕೆಲಸಕ್ಕೆ ಈಗ ತುಂಬ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಇದು ಹಗುರ ಕೆಲಸ, ಇಲ್ಲಿ ಯಾರೂ ಸಾಯುವುದಿಲ್ಲ ಎಂದುಕೊಂಡೇ ಬರುತ್ತಾರೆ. ನಾನೂ ಹಾಗೆಂದುಕೊಂಡೇ ಬಂದವಳು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದ ಹೊಸದರಲ್ಲಿ ಹಿಂದಲೆಯ ಚರ್ಮವನ್ನು ಒಂದು ಪಟ್ಟಿಯಂತೆ ಕತ್ತರಿಸಿ ತೆಗೆದು, ಹೊಲಿಗೆ ಹಾಕಿ, ಆ ಪಟ್ಟಿಯಿಂದ ಕೂದಲಿನ ಬೇರುಗಳನ್ನು ಬಿಡಿಸುತ್ತಿದ್ದರು. ಬಿಡಿಸುವ ಕೆಲಸ ನಮ್ಮದು. ಫ್ಯಾನ್ ಹಾಕುವಂತಿಲ್ಲ, ಬೇರು ಒಣಗುತ್ತದೆ. ಆಮೇಲೆ ಪಟ್ಟಿ ಹೋಗಿ, ಸಣ್ಣ ಕೊಳವೆಯಂಥ ಉಪಕರಣದಿಂದ ಒಂದೊಂದೇ ಬೇರನ್ನು ಕಿತ್ತು ತೆಗೆಯುವ ಪದ್ಧತಿ ಬಂತು. ಹೊಲಿಗೆ ಇಲ್ಲ, ಗಾಯದ ಗೆರೆ ಇಲ್ಲ. ಮಂದಿ ಹೆಚ್ಚಾದರು. ಮೊದಲು ವ್ಯಾಪಾರಸ್ಥರು, ಮದುವೆಗೆ ನಿಂತ ನೌಕರರು ಬರುತ್ತಿದ್ದರು. ಕೊನೆಕೊನೆಗೆ ಸುತ್ತಲಿನ ಹಳ್ಳಿಗಳಿಂದ ರೈತರೂ ಬರತೊಡಗಿದರು.

ಪದ್ಧತಿ ಬದಲಾದರೂ ಬದಲಾಗದ ಎರಡು ಸಂಗತಿಗಳಿವೆ. ಕಸಿ ಮಾಡಿದ ಕೂದಲು ಕೆಲವೇ ವಾರಗಳಲ್ಲಿ ಉದುರಿಹೋಗುತ್ತದೆ. ಬೇರು ಒಳಗೇ ಉಳಿದಿರುತ್ತದೆ. ಇದನ್ನು ನಾವು ಮೊದಲೇ ಹೇಳಿ ಕಳಿಸುತ್ತೇವೆ, ಅವರು ತಲೆ ಆಡಿಸಿ ಹೋಗುತ್ತಾರೆ, ಉದುರಿದ ದಿನ ಓಡಿಬರುತ್ತಾರೆ. ಬಬಲೇಶ್ವರದ ಒಬ್ಬ ಮಾಸ್ತರರು ದಿಂಬಿನ ಮೇಲೆ ಬಿದ್ದ ಕೂದಲನ್ನೆಲ್ಲ ಆಯ್ದು, ಕಾಗದದ ಪೊಟ್ಟಣ ಕಟ್ಟಿಕೊಂಡು ಬಂದು ನನ್ನ ಮುಂದೆ ಇಟ್ಟರು.

"ಒಂದೂ ಕಳದಿಲ್ಲ ನೋಡ್ರಿ ಸಿಸ್ಟರ್. ತಿರುಗಿ ಹಚ್ಚಿಬಿಡ್ರಿ."

"ಸರ, ಇವು ಬರೇ ಎಳಿ. ಬೇರು ನಿಮ್ಮ ತಲ್ಯಾಗ ಅದಾವ."

"ನನ್ನ ತಲ್ಯಾಗ ಏನೇನೋ ಐತಿ ಅಂತ ನಮ್ಮಾಕಿನೂ ಅಂತಾಳ್ರಿ. ಹೊರಗ ಒಂದೂ ಕಾಣವಲ್ದು!"

ಅವರು ನಗುತ್ತಲೇ ಹೇಳಿದರು. ಆದರೆ ಪೊಟ್ಟಣವನ್ನು ಬಿಟ್ಟು ಹೋಗಲಿಲ್ಲ, ಜೇಬಿನಲ್ಲಿಟ್ಟುಕೊಂಡೇ ಹೋದರು.

ಎರಡನೆಯದು ಗುಳ್ಳೆ. ಹೊಸ ಕೂದಲು ಒಳಗಿನಿಂದ ಚರ್ಮವನ್ನು ಒತ್ತಿ ಮೇಲೆ ಬರುವಾಗ ಮೊಡವೆಯಂಥ ಗುಳ್ಳೆಗಳು ಏಳುತ್ತವೆ. ಕೆಲವರಿಗೆ ಬೇಗ, ಕೆಲವರಿಗೆ ಎರಡು ಮೂರು ತಿಂಗಳಿಗೆ. ಬಹುಪಾಲು ಗುಳ್ಳೆಗಳು ತಾವಾಗಿ ಹೋಗುತ್ತವೆ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಸ್ವಚ್ಛ ಬಟ್ಟೆಯನ್ನು ಸ್ವಲ್ಪ ಹೊತ್ತು ಇಡುವುದು, ಮೃದುವಾದ ಶ್ಯಾಂಪೂ, ಡಾಕ್ಟರು ಬರೆದುಕೊಟ್ಟಿದ್ದರೆ ಮುಲಾಮು, ಇಷ್ಟೇ ಸಾಕು. ಹಿಸುಕಬಾರದು, ಉಗುರು ತಾಗಿಸಬಾರದು, ಬಿಗಿ ಟೋಪಿ ಹಾಕಬಾರದು. ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡರೆ, ಕೀವು ಸೋರಿದರೆ, ನೋವು ಹೆಚ್ಚಾದರೆ, ಜ್ವರ ಬಂದರೆ, ಅವತ್ತೇ ಬರಬೇಕು. ಈ ಮಾತುಗಳನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನನ್ನ ಯಜಮಾನರು ಕೂಡ ಅಡುಗೆಮನೆಯಲ್ಲಿ ನಿಂತು ಅದೇ ಧಾಟಿಯಲ್ಲಿ ಅಣಕಿಸುತ್ತಿದ್ದರು.

ನಮ್ಮ ಮೇಡಂ ಚರ್ಮರೋಗದ ಡಾಕ್ಟರು, ವಿಜಯಪುರದವರೇ. ನಾನು ಕಂಡ ಮೇಲಧಿಕಾರಿಗಳಲ್ಲಿ ರೋಗಿಯ ಜೊತೆ ಕೂತು ಮಾತಾಡುತ್ತಿದ್ದವರು ಅವರೊಬ್ಬರೇ. ಅವರಿಗಿಂತ ಮೊದಲಿದ್ದ ಹಿರಿಯ ಡಾಕ್ಟರಿಗೆ ಮಾತೆಂದರೆ ಆಗುತ್ತಿರಲಿಲ್ಲ. ಎಲ್ಲರಿಗೂ ಒಂದೇ ಚೀಟಿ, ಒಂದೇ ವಾಕ್ಯ. ಮೇಡಂ ಹಾಗಲ್ಲ. ಬಂದವನು ಏನು ಕೆಲಸ ಮಾಡುತ್ತಾನೆಂದು ಕೇಳಿಕೊಂಡು, ಅವನ ಕೆಲಸದ ಮಾತಿನಲ್ಲೇ ತಿಳಿಸಿ ಹೇಳುತ್ತಿದ್ದರು. ದರ್ಜಿಗೆ ಹೊಲಿಗೆಯ ಉದಾಹರಣೆ, ಗೌಂಡಿಗೆ ಸಿಮೆಂಟಿನ ಉದಾಹರಣೆ. ಅದನ್ನು ಕಲಿಯಬೇಕೆಂದು ನಾನೂ ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ.

ಸಂಗಮೇಶನಿಗೆ ಅವರು ದ್ರಾಕ್ಷಿಯ ಉದಾಹರಣೆ ಕೊಟ್ಟರು.

ಸಂಗಮೇಶ ತಿಕೋಟಾದಲ್ಲಿ ಬೆಳೆ ಔಷಧದ ಅಂಗಡಿ ನಡೆಸುತ್ತಿದ್ದ. ಬಿ.ಎಸ್ಸಿ. ಓದಿದವನು, ಮಾತು ಗಟ್ಟಿ. ತಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿ ಬೆಳೆಗಾರರು ಎಲೆಯೊಂದನ್ನು ಹರಿದುಕೊಂಡು ಬಂದು ಕೌಂಟರಿನ ಮೇಲಿಟ್ಟರೆ ಸಾಕು, ಇಂಥ ರೋಗ, ಇಂಥ ಔಷಧ, ಇಂಥ ಹೊತ್ತಿಗೆ ಹೊಡೆಯಬೇಕು ಎಂದು ಹೇಳುತ್ತಿದ್ದ. ಮೂವತ್ತೈದು ತುಂಬುವ ಮೊದಲೇ ನೆತ್ತಿ ಬೋಳಾಗಿತ್ತು.

"ನನಗಿಂತ ಹತ್ತ ವರ್ಷ ದೊಡ್ಡಾಂವ ಬಂದು ನನ್ನ ಕಾಕಾ ಅಂತಾನ್ರಿ" ಎಂದು ಮೊದಲ ದಿನವೇ ನನಗೆ ಹೇಳಿದ್ದ. "ಕಾಕಾ, ಒಂದ ಪಂಪ್ ಕೊಡು. ಕಾಕಾ, ಚಿಲ್ಲರ ಕೊಡು. ನಾ ಯಾರಿಗಿ ಕಾಕಾ ಅಂಬಲಿ?"

ಪಕ್ಕದಲ್ಲಿದ್ದ ಸವಿತಾ, "ಇವ್ರನ್ನ ಇವ್ರ ಮಗಳೂ ಒಮ್ಮೆ ಕಾಕಾ ಅಂದಾಳ್ರಿ ಅಕ್ಕಾರ" ಎಂದಳು.

"ಸುಮ್ನಿರ. ಕೂಸಿಗಿ ಆಗ ಮಾತ ಬರ್ತಿದ್ದಿಲ್ಲ."

ಕಸಿಗೆ ತಲೆ ಬೋಳಿಸಬೇಕಾಗುತ್ತದೆ. ನಮ್ಮ ಕಡೆ ಗಂಡಸು ಇದ್ದಕ್ಕಿದ್ದಂತೆ ತಲೆ ಬೋಳಿಸಿಕೊಂಡರೆ ಊರು ಕೇಳುತ್ತದೆ. ಮನೆಯಲ್ಲಿ ಯಾರಾದರೂ ತೀರಿಕೊಂಡಿರಬೇಕು, ಇಲ್ಲವೇ ತಿರುಪತಿಗೆ ಹೋಗಿ ಮುಡಿ ಕೊಟ್ಟಿರಬೇಕು. ಆದ್ದರಿಂದ ನಮ್ಮಲ್ಲಿ ಬಂದವರಲ್ಲಿ ಬಹಳ ಮಂದಿ ಊರಿಗೆ ತಿರುಪತಿ ಎಂದೇ ಹೇಳುತ್ತಿದ್ದರು. ಸಂಗಮೇಶನೂ ಹಾಗೇ ಹೇಳಿದ. ಆದರೆ ತಿರುಪತಿಗೆ ಹೋಗಿಬಂದವನು ಲಾಡು ತರಬೇಕಲ್ಲ! ಅಂಗಡಿಗೆ ಬಂದವರೆಲ್ಲ ಪ್ರಸಾದ ಎಲ್ಲಿ ಎಂದು ಕೇಳತೊಡಗಿದಾಗ, ಸವಿತಾಳನ್ನು ವಿಜಯಪುರಕ್ಕೆ ಕಳಿಸಿ, ಮಿಠಾಯಿ ಅಂಗಡಿಯಿಂದ ಲಾಡು ತರಿಸಿ, ಪುಡಿ ಮಾಡಿ ಹಂಚಿದ. ಒಬ್ಬ ಮುದುಕರು ಅದನ್ನು ಕಣ್ಣಿಗೆ ಒತ್ತಿಕೊಂಡು ತಿಂದರಂತೆ. ಅದನ್ನು ಹೇಳುವಾಗ ಮಾತ್ರ ಅವನು ನಗಲಿಲ್ಲ.

ಅಂದಿನಿಂದ ತಲೆಯ ಮೇಲೆ ಟೋಪಿ. ಕೂದಲು ಬರುವವರೆಗೆ ಯಾರಿಗೂ ತಲೆ ತೋರಿಸುವುದಿಲ್ಲ ಎಂದು ನಿಶ್ಚಯಿಸಿದ್ದ.

ಕಸಿಯ ಕೂದಲು ಉದುರಿದಾಗ ಅವನೂ ಬಂದ. ಮೇಡಂ ಕೂರಿಸಿಕೊಂಡು ಹೇಳಿದರು: "ದ್ರಾಕ್ಷಿಗಿ ಚಾಟ್ನಿ ಮಾಡಿದ ಮ್ಯಾಲೆ ಬಳ್ಳಿ ಹೆಂಗ ಕಾಣ್ತೈತಿ? ಬರೇ ಕಟಗಿ. ಆದ್ರ ಒಳಗ ಜೀವ ಇರ್ತೈತಿ. ಆಮ್ಯಾಲೆ ಕಣ್ಣ ಉಬ್ಬಿ ಒಡೀತಾವ. ನಿಮ್ಮ ತಲೀನೂ ಹಂಗ ತಿಳೀರಿ."

ಚಾಟ್ನಿ ಎಂದರೆ ದ್ರಾಕ್ಷಿ ಬಳ್ಳಿಯನ್ನು ಸವರುವ ಕೆಲಸ, ಕಣ್ಣು ಎಂದರೆ ಚಿಗುರೊಡೆಯುವ ಮೊಗ್ಗು. ಸಂಗಮೇಶನ ಮುಖ ಅರಳಿತು. "ಈಗ ತಿಳೀತ್ರಿ ಮೇಡಂ" ಎಂದು ಎದ್ದುಹೋದ. ಆ ಉದಾಹರಣೆಯನ್ನು ಅವನು ಎಷ್ಟು ದೂರ ಒಯ್ಯುತ್ತಾನೆಂದು ಆಗ ನಮ್ಮಿಬ್ಬರಿಗೂ ಅನ್ನಿಸಲಿಲ್ಲ.

ಬಿಸಿಲು ಏರುತ್ತಿದ್ದ ದಿನಗಳಲ್ಲಿ ಅವನಿಗೆ ಗುಳ್ಳೆಗಳು ಎದ್ದವು. ಫೋನಿನಲ್ಲಿ ಫೋಟೋ ಕಳಿಸಿದ. ನೆತ್ತಿಯ ಮೇಲೆ ಅಲ್ಲಲ್ಲಿ ಸಣ್ಣ, ಬಿಳಿ ತುದಿಯ ಗುಳ್ಳೆಗಳು. ಮೇಡಂಗೆ ತೋರಿಸಿದೆ. ಹೊಸ ಕೂದಲು ಬರುತ್ತಿದೆ, ಬಿಸಿಬಟ್ಟೆ ಇಡಲಿ, ಮುಲಾಮು ಹಚ್ಚಲಿ, ವಾರ ಬಿಟ್ಟು ಬರಲಿ ಎಂದರು. ಹಾಗೇ ಹೇಳಿದೆ.

"ಮ್ಯಾಲೆ ಬೆಳ್ಳಗ ಐತ್ರಿ ಸಿಸ್ಟರ್. ಬೂದಿ ಅಲ್ಲಲ್ಲ?" ಎಂದು ಕೇಳಿದ. ದ್ರಾಕ್ಷಿಗೆ ಬರುವ ಬೂದಿರೋಗದ ಮಾತು. ಎಲೆಯ ಮೇಲೆ, ಕಾಯಿಯ ಮೇಲೆ ಬೂದಿ ಚೆಲ್ಲಿದಂತೆ ಬೆಳ್ಳಗಾಗುತ್ತದೆ.

"ಅದು ಬಳ್ಳಿಗಿ ಬರೋದು, ಸಂಗಮೇಶ್ ಅವ್ರ. ಟೋಪಿ ತಗದು ಸ್ವಲ್ಪ ಗಾಳಿಗಿ ಕುಂದ್ರಿ."

"ಮನ್ಯಾಗ ತಗೀತೇನ್ರಿ" ಎಂದ.

ಒಂದು ವಾರ ಬಿಟ್ಟು ಅವನು ಬರಲಿಲ್ಲ. ನಾನು ಫೋನ್ ಮಾಡಿದಾಗ ಹಿಂದಿನಿಂದ ಗದ್ದಲ ಕೇಳುತ್ತಿತ್ತು. ಬೇಸಿಗೆಯ ಚಾಟ್ನಿ ನಡೆದಿದೆ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಈಗ ಕಡಿಮೆಯಾಗಿದೆ, ಸೋಮವಾರ ಬರುತ್ತೇನೆ ಎಂದ. ಕಡಿಮೆಯಾಗಿದೆ ಎಂದು ಹೇಳಿದ ಧ್ವನಿಯಲ್ಲಿ ಏನೂ ಸಂಶಯ ಬರುವಂತಿರಲಿಲ್ಲ. ಸೋಮವಾರವೂ ಬರಲಿಲ್ಲ. ಅದಾದ ಮೇಲೆ ಬಂದದ್ದೇ ಸವಿತಾಳ ಫೋನು.

ಅವರು ಬಂದಿಳಿದಾಗ ಬಾಗಿಲ ಹತ್ತಿರವೇ ನಾನು ಕಾಯುತ್ತಿದ್ದೆ. ಸವಿತಾ ಒಂದು ಕೈ ಹಿಡಿದಿದ್ದಳು, ಗಾಡಿಯ ಚಾಲಕ ಇನ್ನೊಂದು ಕೈ. ಮುಖ ಗುರುತು ಸಿಗುತ್ತಿರಲಿಲ್ಲ. ಹಣೆಯ ಊತ ಇಳಿದು ಮೂಗಿನ ಎರಡೂ ಬದಿಗೆ ತುಂಬಿಕೊಂಡಿತ್ತು, ಕಣ್ಣಿದ್ದಲ್ಲಿ ಎರಡು ಗೆರೆ. ಮೈಯೆಲ್ಲ ನಡುಗುತ್ತಿತ್ತು. ಆದರೂ ಒಂದು ಕೈಯಿಂದ ಟೋಪಿಯನ್ನು ಹಿಡಿದುಕೊಂಡೇ ಇದ್ದ.

ಮೇಜಿನ ಮೇಲೆ ಮಲಗಿಸಿ ಟೋಪಿ ತೆಗೆದೆ. ಅದರ ಒಳಗೆ ಇನ್ನೊಂದು ಹೊದಿಕೆ ಇತ್ತು. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ನೆತ್ತಿಗೆ ಅಂಟಿಸಿದಂತೆ ಸುತ್ತಿದ್ದ.

"ಇದ್ಯಾಕ?" ಎಂದೆ.

"ಟೋಪಿಗಿ ಮುಲಾಮ ಹತ್ತಬಾರ್ದಂತ್ರಿ."

ಪ್ಲಾಸ್ಟಿಕ್ ಬಿಡಿಸಿದಾಗ ಗುಳ್ಳೆಗಳು ಬೇರೆ ಬೇರೆಯಾಗಿ ಉಳಿದಿರಲಿಲ್ಲ. ಒಂದಕ್ಕೊಂದು ಕೂಡಿ, ಒಡೆದು, ಮೇಲೆ ಹಳದಿ ಹಕ್ಕಳೆ ಕಟ್ಟಿತ್ತು. ಹಕ್ಕಳೆಯ ಕೆಳಗಿನಿಂದ ಕೀವು ಒಸರುತ್ತಿತ್ತು. ಸುತ್ತಲಿನ ಚರ್ಮ ಸುಟ್ಟ ಹಾಗೆ ಕೆಂಪು.

ಮೇಡಂ ನೋಡಿದರು. "ಏನರ ಹಚ್ಚೀರೇನು?" ಎಂದು ಕೇಳಿದರು.

"ಏನಿಲ್ರಿ. ನೀವು ಕೊಟ್ಟ ಮುಲಾಮ ಅಷ್ಟ."

ಅವನಿಗೆ ನಮ್ಮ ಮುಲಾಮೇ ಆಗಿಬಂದಿಲ್ಲ, ಇದು ಅದರ ಅಲರ್ಜಿ ಎಂದು ಮೇಡಂ ಅಂದುಕೊಂಡರು. ಕೇಳಿದವರು ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಊತ ಬೇಗನೆ ಇಳಿಸುವ ಇಂಜೆಕ್ಷನ್ ಒಂದಿದೆ. ಅಲರ್ಜಿಯಲ್ಲಿ ಅದು ಜೀವ ಉಳಿಸುತ್ತದೆ. ಒಳಗೆ ಸೋಂಕು ಹರಡುತ್ತಿರುವಾಗ ಅದೇ ಇಂಜೆಕ್ಷನ್ ದೇಹದ ಹೋರಾಟವನ್ನು ಕುಗ್ಗಿಸಿಬಿಡುತ್ತದೆ. ಮೇಡಂ ಅದನ್ನು ಸಿರಿಂಜಿಗೆ ತುಂಬಿಸಿ ಟ್ರೇಯಲ್ಲಿಟ್ಟು, "ಮೊದಲ ತಲಿ ತೊಳೀರಿ ಸಿಸ್ಟರ್, ಕೆಳಗ ಏನೈತಿ ನೋಡೋಣು" ಎಂದರು.

ನಾನು ಸಲೈನ್ ಸುರಿದೆ. ನೊರೆ ಎದ್ದಿತು.

ಸಲೈನ್ ಎಂದರೆ ಉಪ್ಪುನೀರು. ಅದಕ್ಕೆ ನೊರೆ ಬರುವುದಿಲ್ಲ. ಶ್ಯಾಂಪೂ ಉಳಿದಿರಬೇಕೆಂದು ಮತ್ತೆ ಸುರಿದೆ. ಇನ್ನೂ ಹೆಚ್ಚು ನೊರೆ ಬಂತು. ಸಣ್ಣ ಸಣ್ಣ ಗುಳ್ಳೆಗಳ, ಬಟ್ಟೆ ಒಗೆಯುವ ಪುಡಿಯಂಥ ನೊರೆ, ಕೀವಿನ ಮೇಲೆ ಉಬ್ಬಿಕೊಂಡು ಕಿವಿಯ ಕಡೆ ಇಳಿಯಿತು. ಕೆಳಗಿನ ಟ್ರೇಗೆ ಬಿದ್ದ ನೀರು ಹಳದಿಯಾಗಿತ್ತು. ಕಡ್ಡಿ ಗೀರಿದಾಗ ಬರುವಂಥ ವಾಸನೆ.

ಸವಿತಾ ಗೋಡೆಗೆ ಒರಗಿ ನಿಂತಿದ್ದವಳು ಹತ್ತಿರ ಬಂದು ಟ್ರೇಯ ಮೇಲೆ ಬಾಗಿದಳು. ಮಧ್ಯಾಹ್ನದ ಹೊತ್ತು ಗಂಡ ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂರುತ್ತಿದ್ದವಳು ಆಕೆಯೇ.

"ಇದು ನಮ್ಮ ಅಂಗಡಿ ವಾಸ್ನಿ" ಎಂದಳು.

"ದಿನಾ ಅಲ್ಲೇ ಇರ್ತೇನಲ್ಲ, ಮೈಗಿ ಹತ್ತಿರ್ತೈತಿ" ಎಂದ ಸಂಗಮೇಶ. ಮಾತು ತೊದಲುತ್ತಿತ್ತು.

ಮೇಡಂ ಸಿರಿಂಜನ್ನು ಕೈಗೆತ್ತಿಕೊಂಡಿದ್ದರು. ಅಲ್ಲಿಗೆ ನಿಲ್ಲಿಸಿ, "ಖರೇ ಹೇಳ್ರಿ ಸಂಗಮೇಶ್, ಏನ ಹಚ್ಚೀರಿ?" ಎಂದರು. ಅವನು ತಲೆ ಅಲ್ಲಾಡಿಸಿದ. ಆ ಗಳಿಗೆಯಲ್ಲಿ ಅವನಿಗೆ ಸಾವಿನ ಹೆದರಿಕೆ ಇರಲಿಲ್ಲ. ಊರಿನ ಹೆದರಿಕೆ ಇತ್ತು. ಮಂದಿಗೆ ಔಷಧದ ಬುದ್ಧಿ ಹೇಳುವವನು ತನ್ನ ತಲೆಗೆ ಏನು ಮಾಡಿಕೊಂಡನೆಂದು ತಿಕೋಟಾಕ್ಕೆ ತಿಳಿಯಬಾರದು, ಅಷ್ಟೇ.

ಸವಿತಾ ಅವನ ಕಿವಿಯ ಹತ್ತಿರ ಹೋದಳು. ಗದರಿಸಲಿಲ್ಲ, ಅಳಲಿಲ್ಲ.

"ರೀ, ನಮ್ಮ ಅಂಗಡಿಗಿ ರೈತ ಬಂದು ಎಲಿ ಸುಟ್ಟಾವ ಅಂದ್ರ ಮೊದಲ ಏನ ಕೇಳ್ತೀರಿ?"

ಅವನು ರೂಢಿಯಿಂದಲೇ ಉತ್ತರ ಕೊಟ್ಟ. "ಏನ ಹೊಡದಿ ಅಂತ ಕೇಳ್ತೇನಿ."

"ಆಂವ ಏನಂತಾನ?"

"ಏನೂ ಹೊಡದಿಲ್ಲ ಅಂತಾನ."

"ಆಮ್ಯಾಲೆ ನೀವೇನಂತೀರಿ?"

"ಸುಳ್ಳ ಹೇಳಬ್ಯಾಡ, ಬಳ್ಳಿ ಸಾಯ್ತೈತಿ ಅಂತೇನಿ."

"ನಾನೂ ಅದನ್ನ ಹೇಳಾಕತ್ತೇನ್ರಿ."

ಆಗ ಅವನು ಬಾಯಿಬಿಟ್ಟ. ಬೂದಿರೋಗಕ್ಕೆ ಹೊಡೆಯುವ ಸಲ್ಫರ್ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿಕೊಂಡಿದ್ದ. ಗಂಧಕ ಮೊಡವೆಗೂ ಆಗುತ್ತದೆಂದು ಎಲ್ಲೋ ಓದಿದ್ದ, ಅದೂ ಸುಳ್ಳಲ್ಲ. ಆದರೆ ಬೆವರಿಗೆ ಅದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಸ್ಟಿಕ್ಕರ್ ಕೂಡಿಸಿದ. ಔಷಧ ಎಲೆಯ ಮೇಲೆ ಹರಡಿ ಗಟ್ಟಿಯಾಗಿ ಹಿಡಿದುಕೊಳ್ಳಲೆಂದು ಸಿಂಪಡಣೆಯ ನೀರಿಗೆ ಹಾಕುವ ದ್ರವ ಅದು. ಪಂಪಿಗೆ ಹಾಕುವುದು ಸ್ವಲ್ಪವೇ ಸ್ವಲ್ಪ. ಇವನು ನೀರು ಬೆರೆಸದೆ ಹಾಗೇ ಸುರಿದುಕೊಂಡಿದ್ದ. ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಟೋಪಿ, ಹೊರಗೆ ಬಿಸಿಲು.

"ದಿನಾ ತೊಳೀತಿದ್ನಿ. ಮೊನ್ನಿಯಿಂದ ಮುಟ್ಟಾಕ ಆಗವಲ್ದು, ಹಂಗ ಬಿಟ್ಟೆ."

"ಹುಳದ ಔಷಧ ಏನರ ಕೂಡಿಸೀರೇನು?" ಮೇಡಂ ಅವನ ರೆಪ್ಪೆಗಳನ್ನು ಬಿಡಿಸಿ ಕಣ್ಣಿಗೆ ಟಾರ್ಚ್ ಬಿಡುತ್ತಿದ್ದರು.

"ಇಲ್ರಿ. ಅಷ್ಟ ತಿಳೀದಾಂವ ಅಲ್ಲ ನಾ."

ಮೇಡಂ ಸಿರಿಂಜನ್ನು ಟ್ರೇಯಲ್ಲಿ ವಾಪಸ್ ಇಟ್ಟರು. ರಕ್ತನಾಳಕ್ಕೆ ಸೂಜಿ ಹಾಕಿ ಆ್ಯಂಟಿಬಯೋಟಿಕ್ ಶುರು ಮಾಡಿಸಿ, ದೊಡ್ಡ ಆಸ್ಪತ್ರೆಗೆ ತಾವೇ ಫೋನ್ ಮಾಡಿದರು. ಆಂಬುಲೆನ್ಸ್ ಬರುವವರೆಗೆ ನಾನು ತೊಳೆಯುತ್ತಲೇ ಇದ್ದೆ. ನೊರೆ ಬರುವುದು ನಿಲ್ಲುವವರೆಗೆ ತೊಳೆಯಬೇಕೆಂದು ಮೇಡಂ ಹೇಳಿದ್ದರು. ಅದು ನಿಲ್ಲುತ್ತಲೇ ಇರಲಿಲ್ಲ.

ಆಂಬುಲೆನ್ಸಿನಲ್ಲಿ ನಾನೂ ಹೋದೆ. ದಾರಿಯಲ್ಲಿ ಅವನ ರಕ್ತದೊತ್ತಡ ಇಳಿಯಿತು. ಮತ್ತೆ ನೋಡಿದೆ, ಇನ್ನೂ ಇಳಿದಿತ್ತು. ಹೆಸರು ಕೂಗಿದರೆ ಮೊದಲು ಹೂಂ ಎನ್ನುತ್ತಿದ್ದವನು ಆಮೇಲೆ ಅನ್ನಲಿಲ್ಲ. ಕೈ ತಣ್ಣಗಾಯಿತು. ಸವಿತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಉಳೀತಾರಿಲ್ರಿ ಅಕ್ಕಾರ?"

ಈ ಪ್ರಶ್ನೆಗೆ ನಮಗೆ ಓದಿನಲ್ಲಿ ಕಲಿಸಿದ ಉತ್ತರವೊಂದಿದೆ. ಅದನ್ನು ಹೇಳಲಾಗಲಿಲ್ಲ. "ಈಗ ಹೇಳಾಕ ಬರಂಗಿಲ್ಲವಾ" ಎಂದೆ. ಆಕೆ ಹೂಂ ಎಂದಳು, ಅಷ್ಟೇ. ಗಂಡನ ಪಾದದ ಮೇಲೆ ಸೆರಗು ಹೊದಿಸಿ ಅದನ್ನು ಹಿಡಿದು ಕೂತಳು.

ಸೋಂಕು ರಕ್ತಕ್ಕೆ ಸೇರಿತ್ತು. ತೀವ್ರ ನಿಗಾ ಘಟಕದ ಹೊರಗೆ ನಾವು ಕಾಯುವುದು ಶುರುವಾಯಿತು. ಕೆಲಸ ಮುಗಿಸಿ ನಾನು ದಿನಾ ಅಲ್ಲಿಗೆ ಹೋಗುತ್ತಿದ್ದೆ. ಮೇಡಂ ಒಮ್ಮೊಮ್ಮೆ ನನಗಿಂತ ಮೊದಲೇ ಬಂದು, ಬೆಂಚಿನ ಮೂಲೆಯಲ್ಲಿ ಯಾರೊಡನೆಯೂ ಮಾತಾಡದೆ ಕೂತಿರುತ್ತಿದ್ದರು. ಒಮ್ಮೆ ಮಾತ್ರ, "ಚಾಟ್ನಿ ಅಂತ ಹೇಳಬಾರ್ದಿತ್ತು" ಎಂದರು. ಅದಾದ ಮೇಲೆ ಅವರು ಯಾವ ರೋಗಿಗೂ ಉದಾಹರಣೆ ಕೊಟ್ಟದ್ದನ್ನು ನಾನು ಕೇಳಿಲ್ಲ. ಅದು ಸರಿಯೋ ತಪ್ಪೋ ನನಗೆ ತಿಳಿಯದು. ಬಂದವರಿಗೆ ಮೊದಲಿನಷ್ಟು ಅರ್ಥವಾಗುತ್ತಿರಲಿಲ್ಲ, ಅದಂತೂ ನಿಜ.

ಒಂದು ಸಂಜೆ ನಿಡೋಣಿಯಿಂದ ಗೌಡರೊಬ್ಬರು ನೋಡಲು ಬಂದರು. ಸಂಗಮೇಶನ ಅಂಗಡಿಯ ಹಳೆಯ ಗಿರಾಕಿ, ದೊಡ್ಡ ದ್ರಾಕ್ಷಿ ತೋಟದವರು. ಗಾಜಿನ ಆಚೆ ತಲೆಗೆ ಬಟ್ಟೆ ಸುತ್ತಿ ಮಲಗಿಸಿದವನನ್ನು ನೋಡಿ ಈಚೆ ಬಂದು, ಸವಿತಾಳ ಎದುರು ನಿಂತರು.

"ಅಲ್ಲವಾ ತಂಗಿ, ದೇವರಿಗಿ ಕೊಟ್ಟ ತಲಿಗಿ ಹಿಂಗ್ಯಾಕಾತು?"

ಸವಿತಾ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಹೇಳಿಬಿಟ್ಟಳು. "ತಿರುಪತಿಗಿ ಹೋಗಿದ್ದಿಲ್ರಿ ಗೌಡ್ರ. ಕೂದಲ ಹಚ್ಚಿಸ್ಕೊಂಡಿದ್ರು. ಗುಳ್ಳಿ ಎದ್ದುವು. ಬೂದಿ ಅಂತ ತಿಳ್ಕೊಂಡು ಸಲ್ಫರ್ ಹಚ್ಚ್ಯಾರ, ಸ್ಟಿಕ್ಕರ್ ಹಾಕಿ."

ಗೌಡರು ಬೆಂಚಿನ ಮೇಲೆ ಕೂತುಬಿಟ್ಟರು. "ಈ ಬಿಸಲಾಗ?" ಎಂದರು. "ಯಪ್ಪಾ! ನಮಗ ನೂರ ಸಲ ಹೇಳ್ಯಾನಲ್ಲ, ಉರಿಬಿಸಲಾಗ ಸಲ್ಫರ್ ಹೊಡೀಬ್ಯಾಡ್ರಿ, ಎಲಿ ಸುಡ್ತಾವ ಅಂತ. ನಾವ ಎಲ್ಲಾ ಸಂಜೀಕ ಹೊಡೀತೇವಿ. ಅವನ ಮಾತ ನಾವ ಕೇಳೇವಿ, ಆಂವ ಕೇಳಲಿಲ್ಲ."

ಸವಿತಾ ಅಲ್ಲಿಯವರೆಗೂ ಅತ್ತಿರಲಿಲ್ಲ. ಆಗ ಅತ್ತಳು. ಗೌಡರು ಗಾಬರಿಯಾಗಿ, "ಅಳಬ್ಯಾಡವಾ, ಬೈದಿಲ್ಲ ನಾ. ಮಂದಿ ಏನರ ಅಂದ್ರ ನನ್ನ ಕಡೆ ಕಳಸು" ಎಂದು ಪದೇ ಪದೇ ಹೇಳಿದರು. ಹೋಗುವಾಗ ಮತ್ತೊಮ್ಮೆ ಗಾಜಿನ ಬಳಿ ನಿಂತು, "ಏಳೋ ಕಾಕಾ" ಎಂದರು.

ಅವನು ಎಚ್ಚರಗೊಂಡದ್ದು ಅದಾದ ಕೆಲವು ದಿನಗಳ ಮೇಲೆ. ಆದರೂ ಅಪಾಯ ಮುಗಿದಿರಲಿಲ್ಲ. ನೆತ್ತಿಯ ಮೇಲೆ ಅಂಗೈಯಷ್ಟು ಚರ್ಮ ಸತ್ತುಹೋಗಿತ್ತು. ಅದನ್ನು ಕತ್ತರಿಸಿ ತೆಗೆದರು. ಕಸಿ ಮಾಡಿದ ಕೂದಲಿನಲ್ಲಿ ಮುಂಭಾಗದ ಒಂದಿಷ್ಟು ಉಳಿಯಿತು, ನೆತ್ತಿಯದು ಪೂರ್ತಿ ಹೋಯಿತು, ಅಲ್ಲಿ ಇನ್ನೆಂದೂ ಬರುವುದಿಲ್ಲ. ಕಣ್ಣಿಗೆ ತೊಂದರೆಯಾಗಲಿಲ್ಲ. ಮನೆಗೆ ಕಳಿಸುವಾಗ ಅಲ್ಲಿಯ ಡಾಕ್ಟರು ಒಂದು ಮಾತು ಹೇಳಿದರು. ಗಾಯ ಮಾಯುವವರೆಗೆ ತಲೆಬುರುಡೆಗೆ ಸೋಂಕು ಇಳಿಯಬಹುದು, ಜ್ವರ ಬಂದರೆ ತಡಮಾಡದೆ ಕರೆತನ್ನಿ.

ಹೊಸಬರಿಗೆ ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. "ಏನಾದರೂ ಹಚ್ಚಿದ್ದೀರಾ" ಎಂದು ಕೇಳಬೇಡಿ. ಹಾಗೆ ಕೇಳಿದರೆ ಬರುವ ಉತ್ತರ ಯಾವಾಗಲೂ ಇಲ್ಲ ಎಂದೇ. ಮನೆಯಲ್ಲಿ ಏನೇನಿದೆ, ಅಂಗಡಿಯಲ್ಲಿ ಏನೇನಿದೆ, ಹೊಲದ ಕೊಟ್ಟಿಗೆಯಲ್ಲಿ ಏನೇನಿದೆ ಎಂದು ಮಾತಿಗೆ ಕೂತು ಕೇಳಿ. ನಗದೆ ಕೇಳಿ. ನಮ್ಮಲ್ಲಿ ಒಬ್ಬರು ನಕ್ಕರೂ ಮುಂದೆ ಬರುವ ರೋಗಿ ಮುಚ್ಚಿಡುತ್ತಾನೆ.

ನನ್ನ ವಿಷಯ ಹೇಳುವುದಾದರೆ, ಆ ದಿನಗಳಲ್ಲಿ ಸ್ನಾನಕ್ಕೆ ಕೂತು ತಲೆಗೆ ಶ್ಯಾಂಪೂ ಹಾಕಿದರೆ ಕೈ ನಿಂತುಬಿಡುತ್ತಿತ್ತು. ಬೆರಳಿನ ಸಂದಿಯಲ್ಲಿ ನೊರೆ ನೋಡಿದ ಕೂಡಲೇ ಟ್ರೇಯಲ್ಲಿದ್ದ ಆ ಸಿರಿಂಜು ಕಣ್ಣಿಗೆ ಬರುತ್ತಿತ್ತು. ತೊಳೆಯುವುದು ಒಂದಿಷ್ಟು ತಡವಾಗಿದ್ದರೆ, ಸವಿತಾ ಆ ಹೊತ್ತು ಕೋಣೆಯ ಹೊರಗಿದ್ದಿದ್ದರೆ, ಎಂದು ಲೆಕ್ಕ ಹಾಕುತ್ತಾ ಕೂರುತ್ತಿದ್ದೆ. ಮಲಗಿದರೆ ಕಣ್ಣು ಹತ್ತುತ್ತಿತ್ತು, ಸ್ವಲ್ಪ ಹೊತ್ತಿಗೇ ಎಚ್ಚರ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ರಜೆ ಹಾಕಿಬಿಡು ಎಂದು ಯಜಮಾನರು ಹೇಳಿದರು. ರಜೆ ಹಾಕಿದರೆ ಅವನ ಡ್ರೆಸ್ಸಿಂಗಿಗೆ ಯಾರು ಹೋಗಬೇಕು ಎಂದು ಹಾಕಲಿಲ್ಲ.

ಡ್ರೆಸ್ಸಿಂಗಿಗೆ ನಾನು ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ತಿಕೋಟಾಕ್ಕೆ ಹೋಗುತ್ತಿದ್ದೆ. ಸಂಗಮೇಶ ಮೊದಲಿನಂತೆ ಮಾತಾಡುತ್ತಿರಲಿಲ್ಲ. ತಲೆ ದಿಂಬಿಗೆ ತಾಗಿದರೆ ತಡೆಯಲಾಗದ ನೋವು. ರಾತ್ರಿಯೆಲ್ಲ ಗೋಡೆಗೆ ಬೆನ್ನು ಕೊಟ್ಟು, ಕುತ್ತಿಗೆಗೆ ಕೌದಿ ಸುರುಳಿ ಸುತ್ತಿಟ್ಟುಕೊಂಡು ಕೂತೇ ಇರುತ್ತಿದ್ದ. ತೂಕಡಿಸಿ ತಲೆ ಗೋಡೆಗೆ ಬಡಿಯಬಾರದೆಂದು ಸವಿತಾ ಪಕ್ಕದಲ್ಲಿ ಎಚ್ಚರವಿರುತ್ತಿದ್ದಳು. ಅಷ್ಟಷ್ಟು ಹೊತ್ತಿಗೆ ಎದ್ದು ಜ್ವರ ನೋಡುತ್ತಿದ್ದಳು. ಆಕೆಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ನೀನರ ಒಂದ ತಾಸ ಮಲಗವಾ" ಎಂದರೆ, "ಇವ್ರ ಮಲಗ್ಲಿ ಅಕ್ಕಾರ, ಆಮ್ಯಾಲೆ ನಾ" ಎನ್ನುತ್ತಿದ್ದಳು.

"ನಾ ಮಲಗಿದ್ರ ಈಕಿಗಿ ಮಾತಾಡಾಕ ಯಾರೂ ಇರಂಗಿಲ್ಲಲ್ರಿ, ಅದಕ್ಕ ಎಬ್ಬಿಸಿ ಕುಂದರಸ್ತಾಳ" ಎಂದು ಸಂಗಮೇಶ ಒಮ್ಮೆ ಹೇಳಿದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು.

ಮಳೆಗಾಲ ಹತ್ತಿರವಾದಾಗ ಒಂದು ಬೆಳಿಗ್ಗೆ ಎಂದಿನಂತೆ ಹೋದೆ. ಬಿಸಿಲು ಮನೆಯ ಮೆಟ್ಟಿಲಿಗೆ ಬಂದಿತ್ತು. ಬಾಗಿಲು ಹಾಕಿತ್ತು. ಆ ಮನೆಯ ಬಾಗಿಲು ಅಷ್ಟು ಹೊತ್ತಿಗೆ ಹಾಕಿರುವುದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಅಂಗಳ ಗುಡಿಸಿರಲಿಲ್ಲ, ಹಾಲಿನ ಪ್ಯಾಕೆಟ್ ಹೊಸ್ತಿಲಲ್ಲೇ ಬಿದ್ದಿತ್ತು. ತಟ್ಟಿದೆ. ಉತ್ತರವಿಲ್ಲ. ಮತ್ತೆ ತಟ್ಟಿ, ಸವಿತಾ ಎಂದು ಕೂಗಿದೆ. ರಾತ್ರಿ ಜ್ವರ ಬಂದು ಆಸ್ಪತ್ರೆಗೆ ಒಯ್ದಿರಬೇಕು ಎಂದು ಅನ್ನಿಸಿತು. ತಲೆಬುರುಡೆಗೆ ಸೋಂಕು ಎಂದ ಡಾಕ್ಟರ ಮಾತು, ಆಂಬುಲೆನ್ಸು, ತಣ್ಣಗಾಗಿದ್ದ ಆ ಕೈ, ಎಲ್ಲವೂ ಒಮ್ಮೆಲೇ ಬಂತು. ಡ್ರೆಸ್ಸಿಂಗ್ ಚೀಲ ಕೈಯಿಂದ ಜಾರಿತು. ಹಿತ್ತಲಿಗೆ ಓಡಿದೆ. ಅಲ್ಲಿಯ ಕಿಟಕಿ ಅರ್ಧ ತೆರೆದಿತ್ತು.

ಒಳಗೆ ಮೂವರೂ ನೆಲದ ಮೇಲೆ ಮಲಗಿದ್ದರು. ಮಗಳು ತಾಯಿಯ ಹೊಟ್ಟೆಯ ಮೇಲೆ ಕಾಲು ಹಾಕಿದ್ದಳು. ಸವಿತಾಳ ಬಾಯಿ ಸ್ವಲ್ಪ ತೆರೆದಿತ್ತು. ಸಂಗಮೇಶ ಪಕ್ಕಕ್ಕೆ ಹೊರಳಿ, ಗಾಯದ ತಲೆಯನ್ನು ದಿಂಬಿನ ಮೇಲೆ ಇಟ್ಟು ಮಲಗಿದ್ದ. ಅವನ ಬೆನ್ನು ಏರಿಳಿಯುವುದನ್ನು ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನೋಡಿದೆ. ಉಸಿರು ಸಮನಾಗಿತ್ತು. ಗೊರಕೆಯ ಸದ್ದೂ ಇತ್ತು.

ಮುಂದೆ ಬಂದು ಚೀಲ ಎತ್ತಿಕೊಂಡೆ. ಪಕ್ಕದ ಮನೆಯ ಅಜ್ಜಿ ಕಟ್ಟೆಗೆ ಬಂದು, "ಎಬ್ಬಸ್ಲೇನ ಬಾಯಾರ?" ಎಂದು ಕೇಳಿದರು.

"ಬ್ಯಾಡ್ರಿ ಆಯಿ" ಎಂದೆ. "ಡ್ರೆಸ್ಸಿಂಗ್ ನಾಳೆ ಮಾಡಿದ್ರಾತು. ಅವ್ರ ಎದ್ದ ಮ್ಯಾಲೆ, ಸಿಸ್ಟರ್ ಬಂದು ಹೋಗ್ಯಾಳ ಅಂತ ಹೇಳ್ರಿ."

ಹಾಲಿನ ಪ್ಯಾಕೆಟ್ಟನ್ನು ನೆರಳಿಗೆ ಸರಿಸಿಟ್ಟು ಬಸ್ಸಿಗೆ ನಡೆದೆ. ಸೀಟಿನಲ್ಲಿ ಕೂತದ್ದು ನೆನಪಿದೆ. ಜಲನಗರದಲ್ಲಿ ಇಳಿಯಬೇಕಾದವಳನ್ನು ಕಂಡಕ್ಟರು ಬಸ್ ನಿಲ್ದಾಣದಲ್ಲಿ ಭುಜ ಅಲ್ಲಾಡಿಸಿ ಎಬ್ಬಿಸಿದ. ಆ ರಾತ್ರಿ ಮಲಗಿದವಳು ಬೆಳಗಿನ ಅಜಾನ್ ಮುಗಿದು ಬಿಸಿಲು ಬಂದ ಮೇಲೇ ಎದ್ದೆ.